ತಲೆಯ ಮೇಲೆ ಹರಿಗೋಲು

ಆಗ ನಮ್ಮ ಚಳ್ಳಕೆರೆ ಸೀಮೆಗೆ ಮೋಟಾರು ಇನ್ನೂ ಕಾಲಿಟ್ಟಿರಲಿಲ್ಲ. ಮಳೆ ಬಂದರೆ ಎರೆಮಣ್ಣಿನಲ್ಲಿ ಗಾಡಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಅಂಥ ಮಳೆಯಲ್ಲೇ ಅಕ್ಕನ ಮಗಳು ತಿಪ್ಪವ್ವನ ಮದುವೆ ಬಂತು. ಬಾಸಿಂಗ ತರುವುದೂ ಕಟ್ಟುವುದೂ ಸೋದರಮಾವನ ಕೆಲಸ. ಭಾವ ತೀರಿಕೊಂಡಿದ್ದರು, ಅಕ್ಕನಿಗೆ ಇದ್ದವನು ನಾನೊಬ್ಬನೇ ತಮ್ಮ. ಗೋಧೂಳಿ ಲಗ್ನಕ್ಕೆ ನಾನು ಅಲ್ಲಿರಲೇಬೇಕಿತ್ತು.

ಅಕ್ಕನ ಊರು ಹಗರಿ ಹೊಳೆಯ ದಂಡೆಯಲ್ಲೇ, ನೀರು ಹರಿದುಹೋಗುವ ಕಡೆ, ನಮ್ಮೂರಿಗಿಂತ ತುಂಬಾ ಕೆಳಗೆ. ಆ ಮಳೆಗೆ ಹೊಳೆ ಎರಡೂ ದಡ ಮುಟ್ಟಿ ಹರಿಯುತ್ತಿತ್ತು. ಗಾಡಿಯ ಕುಲುಕಾಟಕ್ಕೆ ಬೆಂಡಿನ ಬಾಸಿಂಗ ಉಳಿಯುವುದಿಲ್ಲ, ಆದ್ದರಿಂದ ಜಲಮಾರ್ಗವೇ ಪ್ರಶಸ್ತ ಎಂದು ನಾನು ತೀರ್ಮಾನಿಸಿದೆ.

"ಬಾವಿಗೆ ಇಳಿಯಾಕೆ ಹೆದರ್ತೀರಿ, ಹೊಳೇಲಿ ಹುಟ್ಟು ಹಾಕ್ತೀರಾ?" ಎಂದಳು ಹೆಂಡತಿ ಹನುಮಕ್ಕ.

"ಹೊಳೆ ತಾನಾಗೇ ಹರೀತೈತೆ. ನಾವು ಕೂತ್ಕೊಂಡ್ರೆ ಆಯ್ತು."

ಹರಿಗೋಲು ಕೊಟ್ಟ ಅಂಬಿಗ ಒಂದು ಮಾತು ಹೇಳಿದ. "ನೀರಿದ್ರೆ ಅದು ನಿಮ್ಮನ್ನ ಹೊರ್ತೈತೆ. ಇಲ್ಲದಿದ್ರೆ ನೀವು ಅದನ್ನ ಹೊರಬೇಕು." ಉತ್ಸಾಹದಲ್ಲಿ ನನ್ನ ಕಿವಿಗೆ ಮೊದಲರ್ಧ ಮಾತ್ರ ಬಿತ್ತು.

ಬೆಳಗಾಗುತ್ತಲೇ ಹೊರಟೆವು. ನನ್ನಿವಾಳದ ಹೊಲದಲ್ಲಿ ಬೆಳೆದ ನನಗೆ ಬುಟ್ಟಿಯಂತೆ ಗುಂಡಗಿರುವ ಹರಿಗೋಲಿಗೆ ಮುಂದೆ ಹಿಂದೆ ಇಲ್ಲವೆಂಬುದು ಗೊತ್ತಿರಲಿಲ್ಲ. ನಾನು ಹುಟ್ಟು ಹಾಕಿದಷ್ಟೂ ಅದು ಗರಗರನೆ ಸುತ್ತಿತು. ಹನುಮಕ್ಕ ಬಾಸಿಂಗದ ಬುಟ್ಟಿಯನ್ನು ಮಡಿಲಲ್ಲಿ ಅವುಚಿಕೊಂಡು ಕಣ್ಣು ಮುಚ್ಚಿ ಕುಳಿತಳು.

"ಊರು ಎತ್ಲಾಗೆ ಬರ್ತೈತೆ?" ಎಂದು ಕೇಳಿದಳು.

"ಎಲ್ಲಾ ಕಡೆಯಿಂದಲೂ" ಎಂದೆ.

ಹೊತ್ತು ಏರುತ್ತಿದ್ದಂತೆ ಹೊಳೆ ಇಳಿಯಿತು. ನಮ್ಮ ಹಗರಿ ಬಂದಷ್ಟೇ ಬೇಗ ಹೋಗುವ ನೆಂಟ. ಮಧ್ಯಾಹ್ನಕ್ಕೆ ಮುಂದೆಲ್ಲ ಮರಳು. ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತೆ. ಸ್ವಲ್ಪ ದೂರ ನಡೆದರೆ ಮೊಳಕಾಲುದ್ದ ನೀರು, ಇಳಿಸಿ ಕೂತರೆ ಮತ್ತೆ ಮರಳು. ಹೀಗೆ ಹೊತ್ತು, ಇಳಿಸಿ, ಕೂತು, ಎದ್ದು ಸೊಂಟ ನನ್ನದಲ್ಲವೆನಿಸಿತು.

"ಅದನ್ನ ಇಲ್ಲೇ ಒಗೆದು ಬರ್ರಿ" ಎಂದಳು ಹನುಮಕ್ಕ.

"ಅಂಬಿಗನ ಅನ್ನ ಕಣೇ ಇದು. ಮತ್ತೆ ನೀರು ಬಂದ್ರೆ ಕೊಚ್ಕೊಂಡು ಹೋಗ್ತೈತೆ."

"ಹಂಗಾದ್ರೆ ಹೊತ್ಕೊಂಡು ಬರ್ರಿ. ಬಾಸಿಂಗನಾದ್ರೂ ಹೊತ್ತಿಗೆ ಮುಟ್ಲಿ." ಅವಳು ಬುಟ್ಟಿ ತಲೆಗಿಟ್ಟು ಬಿರಬಿರನೆ ನಡೆದುಬಿಟ್ಟಳು.

ಹರಿಗೋಲಿನ ಕೆಳಗೆ ನನಗೆ ಕಾಣುತ್ತಿದ್ದುದು ನನ್ನ ಪಾದ ಮಾತ್ರ. ಅಷ್ಟರಲ್ಲಿ ಮರಳಿನ ಮೇಲೆ ಹೆಜ್ಜೆ ಕಂಡವು. ಹನುಮಕ್ಕನದೇ ಎಂದು ಹಿಂಬಾಲಿಸಿದೆ. ಅವಳ ಪಾದ ಇಷ್ಟು ದೊಡ್ಡದೇ ಎಂಬ ಅನುಮಾನ ಬಂತು. ಸಿಟ್ಟಿನಲ್ಲಿ ಹೋದವಳು, ಊರಿ ಊರಿ ನಡೆದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಹೊರಗಿನಿಂದ ಯಾರೋ ಹರಿಗೋಲನ್ನು ತಟ್ಟಿದರು. ಬಗ್ಗಿ ನೋಡಿದರೆ ಕುರಿ ಕಾಯುವವನೊಬ್ಬ.

"ಆಗ್ಲಿಂದ ನೋಡ್ತಿದೀನಿ ಸ್ವಾಮಿ, ಇಲ್ಲೇ ಸುತ್ತಾಕ್ತಿದೀರಿ. ಹರಕೆ ಏನಾರ ಐತಾ?"

ನಾನು ಅಷ್ಟು ಹೊತ್ತು ಹಿಂಬಾಲಿಸಿದ್ದು ನನ್ನ ಹೆಜ್ಜೆಯನ್ನೇ! ಸೂರ್ಯ ಬಾಗಿದ್ದ. ತಿಪ್ಪವ್ವ ಹಸೆಮಣೆಯ ಮೇಲೆ ದಾರಿ ನೋಡುತ್ತಿರುತ್ತಾಳೆಂದು ನೆನೆದು ನಿಜವಾಗಿಯೂ ಅಳು ಬಂತು. ಅವನು ತೋರಿಸಿದ ದಿಕ್ಕಿಗೆ ಹರಿಗೋಲು ಹೊತ್ತೇ ಓಡಿದೆ.

ಚಪ್ಪರದಲ್ಲಿ ಹನುಮಕ್ಕ ಮುಟ್ಟಿಸಿದ ಬಾಸಿಂಗವಿತ್ತು, ಕಟ್ಟುವ ಕೈ ಇರಲಿಲ್ಲ. ಮೊಳಕಾಲ್ಮೂರಿನ ಬೀಗರು ಗೊಣಗುತ್ತಿದ್ದರಂತೆ. "ನನ್ನ ತಮ್ಮ ಬರ್ತಾನೆ" ಎಂದು ಅಕ್ಕ ಬಾಗಿಲಲ್ಲೇ ನಿಂತಿದ್ದಳಂತೆ. ಹೊಳೆಯ ಕಡೆಯಿಂದ ನಾನು ಕಂಡೊಡನೆ ಬೀಗರ ಕಡೆಯ ಅಜ್ಜಿಯೊಬ್ಬರು, "ಆಮೆ ಎದ್ದು ನಡ್ಕೊಂಡು ಬರ್ತೈತೆ" ಎನ್ನುತ್ತ ಒಳಗೋಡಿದರು.

ಹರಿಗೋಲು ಇಳಿಸಿದವನೇ ಅವಸರದಲ್ಲಿ ಕಟ್ಟಲು ನಿಂತೆ. ಬಾಸಿಂಗ ತಿಪ್ಪವ್ವನ ಹಣೆಯ ಬದಲು ಕಿವಿಯ ಮೇಲೆ ಕೂತಿತು.

"ಸೊಟ್ಟ ಇರ್ಲಿ ಬಿಡು ಮಾವ. ನೀನು ಬಂದ್ಯಲ್ಲ" ಎಂದಳು ಮೆಲ್ಲಗೆ. ಆ ಮಾತಿಗೆ ದಿನದ ನೋವೆಲ್ಲ ಇಳಿದುಹೋಯಿತು.

ಮರುದಿನ ಬಿಸಿಲು ಬಿತ್ತು, ನೆಲ ಗಟ್ಟಿಯಾಯಿತು. ಅಕ್ಕ ಗಾಡಿ ಕಟ್ಟಿಸಿದಳು. ಗಾಡಿಯಲ್ಲಿ ಹರಿಗೋಲು ಕೂತಿತು, ಹರಿಗೋಲಿನಲ್ಲಿ ಹನುಮಕ್ಕ ಕೂತಳು. ಮೂರನೆಯವರಿಗೆ ಜಾಗವಿರಲಿಲ್ಲ. ನಾನು ಹಿಂದೆ ನಡೆದೆ.

"ನೋಡ್ರಿ," ಎಂದಳು ಅವಳು ಮೇಲಿನಿಂದ, "ಇವತ್ತು ಎಷ್ಟು ನೆಟ್ಟಗೆ ಹೋಗ್ತೈತೆ."