ಜಪಾನಿನ ಕೊಡೆ ಕಳ್ಳನಿಗೆ ನಾನು ಮಾಡಿಸಿದ ಮದುವೆ

ಸಿನಿಮಾ ಕಥೆ ಹೇಳುವಾಗ ನಾನು ಸುಳ್ಳು ಸೇರಿಸುತ್ತೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ, ಹೇಗೂ ನಮ್ಮೂರು ಐ.ಡಿ.ಹಳ್ಳಿಗೆಲ್ಲ ಗೊತ್ತಾಗಿಹೋಗಿದೆ. ಕಂಡದ್ದನ್ನು ಕಂಡ ಹಾಗೇ ಹೇಳುವುದಾದರೆ ನಾನೇ ಯಾಕೆ ಹೇಳಬೇಕು?

ನಮ್ಮ ಕಡೆ ಬಿತ್ತನೆ ಕಡಲೆಕಾಯಿಯನ್ನು ಕೈಯಲ್ಲೇ ಸುಲಿಯುತ್ತೇವೆ. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಒಡೆದದ್ದು ಮೊಳೆಯುವುದಿಲ್ಲ. ನಾನು ಸೊಸೆಯಾಗಿ ಬಂದ ಕಾಲದಲ್ಲಿ ಹತ್ತು ಹನ್ನೆರಡು ಹೆಂಗಸರು ಪಡಸಾಲೆಯಲ್ಲಿ ಕೂತು ಸುಲಿಯುತ್ತಿದ್ದೆವು. ಅಲ್ಲಿ ಒಂದು ಪದ್ಧತಿ ಇತ್ತು. ಮಧುಗಿರಿ ಟೆಂಟಿನಲ್ಲಿ ಸಿನಿಮಾ ನೋಡಿ ಬಂದವಳು ಕಥೆ ಹೇಳಬೇಕು. ಅವಳು ಸುಲಿಯಬೇಕಾಗಿಲ್ಲ, ಕೇಳಿದವರೆಲ್ಲ ತಲಾ ಒಂದು ಹಿಡಿ ಬೀಜ ಅವಳ ಮೊರಕ್ಕೆ ಹಾಕಬೇಕು. ನನ್ನ ಗಂಡನಿಗೆ ಸಿನಿಮಾ ಹುಚ್ಚು. ಬೇರೆ ಹುಚ್ಚು ಇರಲಿಲ್ಲ ಅಂತಲ್ಲ, ಇದೊಂದಕ್ಕೆ ಮಾತ್ರ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಟೆಂಟಿನ ಮರಳಿನಲ್ಲಿ ಕೂತು, ರೀಲು ಕಡಿದಾಗ ಗಂಡಸರು ಹಾಕುವ ಶಿಳ್ಳೆ ಕೇಳಿ, ಮನೆಗೆ ಬಂದು ಸೀರೆ ಕೊಡವುವಷ್ಟರಲ್ಲಿ ನನ್ನ ಕಥೆ ತಯಾರಾಗಿರುತ್ತಿತ್ತು. ನಾಯಕಿ ಸಾಯುವ ಸಿನಿಮಾ ಆದರೆ ಅವಳನ್ನು ಬದುಕಿಸಿಬಿಡುತ್ತಿದ್ದೆ. ಕರುಣೆಯಿಂದಲ್ಲ. ಅಳುವವರ ಕೈ ಓಡುವುದಿಲ್ಲ, ಮೊರಕ್ಕೆ ಬೀಜ ಬೀಳುವುದಿಲ್ಲ.

ಆಮೇಲೆ ಟೆಂಟು ಹೋಯಿತು, ಗಂಡ ಹೋದ, ಟೀವಿ ಬಂತು. ಎಲ್ಲರೂ ಎಲ್ಲವನ್ನೂ ನೋಡಿರುವಾಗ ನನ್ನ ಕಥೆ ಯಾರಿಗೆ ಬೇಕು? ಎಷ್ಟೋ ವರ್ಷ ನಾನೂ ಎಲ್ಲರಂತೆ ಹೆಬ್ಬೆರಳು ಸವೆಸಿದೆ. ಈ ಸಲ ಮೊಮ್ಮಗಳು ಸವಿತಾ ರಜಕ್ಕೆ ಬಂದಳು. ಹೊಳವನಹಳ್ಳಿಯಲ್ಲಿ ಟೀಚರು. ಮಧ್ಯಾಹ್ನ ಮೊಬೈಲಿನಲ್ಲಿ ಜಪಾನಿನ ಸಿನಿಮಾ ನೋಡುತ್ತಿದ್ದಳು. ಮಾತೆಲ್ಲ ಅವಳ ಕಿವಿಯೊಳಗೆ, ನನಗೆ ಬರೀ ಬೊಂಬೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು. ಒಬ್ಬ ಗಂಡಸು ಅಂಗಡಿ, ರೈಲು, ಆಸ್ಪತ್ರೆ, ಎಲ್ಲಿ ಹೋದರೂ ಬೇರೆಯವರ ಕೊಡೆ ಕದಿಯುತ್ತಾನೆ. ಒಬ್ಬಳು ಅವನ ಹಿಂದೆಯೇ ಅಲೆಯುತ್ತಾಳೆ. ಗಂಡಸಿನ ಹಿಂದೆ ಹೆಂಗಸು ಹಾಗೆ ಅಲೆಯಬೇಕಾದರೆ ಅವಳು ಮಫ್ತಿ ಪೊಲೀಸೇ ಸರಿ ಎಂದು ತೀರ್ಮಾನಿಸಿದೆ. ಕೊನೆ ನೋಡುವ ಮೊದಲೇ ಹಾಲು ಕರೆಯಲು ಎದ್ದುಹೋದೆ.

ಮಾರನೆಯ ದಿನ ಸುಲಿಯಲು ಕೂತಾಗ ಈ ಕಥೆ ತೆಗೆದೆ. ಊರಲ್ಲಿ ಯಾರೂ ನೋಡಿರದ ಸಿನಿಮಾ! ಪೊಲೀಸಮ್ಮ ಕಳ್ಳನನ್ನು ಹಿಡಿದಳು, ಕದ್ದ ಕೊಡೆಯನ್ನೆಲ್ಲ ಮನೆ ಮನೆಗೆ ಹಂಚಿಸಿದಳು, ಕೊನೆಗೆ ಅವನನ್ನೇ ಮದುವೆಯಾದಳು. ಎಷ್ಟೋ ಕಾಲದ ಮೇಲೆ ನನ್ನ ಮೊರ ತುಂಬಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಓರಗಿತ್ತಿ ತಿಮ್ಮಕ್ಕ, ನನಗಿಂತ ಹಿರಿಯಳು, "ಅದನ್ನ ನಾನೂ ನೋಡ್ಬೇಕು ಕಣಮ್ಮ ಸವಿತಾ, ದೊಡ್ಡ ಟೀವಿಗೆ ಹಾಕು" ಅಂದುಬಿಟ್ಟಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಬಂದು ಕೂತರು. ಸವಿತಾ ಇಂಗ್ಲಿಷ್ ಅಕ್ಷರ ಓದಿ ಓದಿ ಕನ್ನಡದಲ್ಲಿ ಹೇಳಿದಳು. ಅವಳು ಪೊಲೀಸಲ್ಲ, ಬಟ್ಟೆ ಒಗೆಯುವ ಅಂಗಡಿಯವಳಂತೆ. ಕಳ್ಳನ ಮೇಲೆ ಮನಸಾಗಿ ತಾನೂ ಕದಿಯಲು ಕಲಿಯುತ್ತಾಳೆ. ಅವನು ಕದಿಯುವುದನ್ನು ಬಿಡುತ್ತಾನೆ, ಇವಳು ಬಿಡುವುದಿಲ್ಲ, ಜೈಲು ಸೇರುತ್ತಾಳೆ. ಕೊನೆಯಲ್ಲಿ ಅವನು ನೋಡಲು ಬರುತ್ತಾನೆ. ನಡುವೆ ಗಾಜು. ಅವಳು ಒಂದೇ ಮಾತು ಆಡುತ್ತಾಳೆ. ಸವಿತಾ ಸ್ವಲ್ಪ ತಡೆದು, "'ನಾಳೆ ಬೇಗ ಬಾ' ಅಂತಾಳೆ" ಅಂದಳು.

ಪಕ್ಕದ ಮನೆ ಲಕ್ಷ್ಮೀದೇವಿ ಬಲಸಮುದ್ರದ ಕಡೆ ಹುಡುಗಿ, ತೆಲುಗು ಬೆರೆಸಿ ಹಾಡಿಗೆ ಪಾಟ, ಹುಚ್ಚಿಗೆ ಪಿಚ್ಚಿ ಅನ್ನುವವಳು. ಎದ್ದು ನಿಂತಳು. "ಪೊಲೀಸಮ್ಮ ಎಲ್ಲಜ್ಜೀ? ಮದುವೆ ಎಲ್ಲಿ? ಒಂದು ಪಾಟ ಇಲ್ಲ, ಒಂದು ಫೈಟಿಲ್ಲ. ನಮ್ಮ ಪಾವಗಡದಾಗೆ ಬಿಸಿಲಿಗೆ ಕೊಡೆ ಕದ್ರೆ ಪಿಚ್ಚಿ ಹಿಡಿದೈತೆ ಅಂತಾರೆ! ನನ್ನ ಹಿಡಿ ಬೀಜ ವಾಪಸ್ ಕೊಡು!"

ಅವಳ ಗಂಡ ಹೋಂಗಾರ್ಡು. ಅವನೂ ದನಿಗೂಡಿಸಿದ. "ಕೊಡೆ ಕಳ್ಕೊಂಡೆ ಅಂತ ಯಾರೂ ಸ್ಟೇಷನ್ನಿಗೆ ಬಂದಿದ್ದು ನಾ ಕಾಣೆ ಕಣಜ್ಜಿ. ಅಷ್ಟಕ್ಕೇ ಇಡೀ ಸಿನಿಮಾನಾ?"

ತಿಮ್ಮಕ್ಕ ಮಾತ್ರ ಸೆರಗಿನಿಂದ ಮೂಗು ಒರೆಸುತ್ತ, "ಚೆನ್ನಾಗೈತೆ ಬುಡ್ರಿ. ಜೈಲಲ್ಲಿದ್ರೂ ನಾಳೆ ಬಾ ಅಂತಾಳೆ. ಊಟ ಮಾಡ್ದ್ಯಾ ಅಂತ ನಮ್ಮನ್ನ ಯಾವನಾದ್ರೂ ಕೇಳಿದ್ನಾ?" ಅಂದಳು.

ಉಳಿದವರೆಲ್ಲ ಹೋದ ಮೇಲೆ ನಾನು ಮುಖ ಊದಿಸಿಕೊಂಡು ಕೂತೆ. ಇಷ್ಟು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ತಿಮ್ಮಕ್ಕ ಎಲೆಯಡಿಕೆ ಮಡಿಸುತ್ತ, "ಲೇ, ನೀನು ಹೇಳೋದು ಸುಳ್ಳು ಅಂತ ನಂಗೆ ಹಳೇ ಕಾಲದಿಂದ ಗೊತ್ತು ಕಣೆ. ನೀನು ಬದುಕಿಸ್ತಿದ್ದೋರೆಲ್ಲ ಸಿರಾ ಟೆಂಟಲ್ಲಿ ಸತ್ತಿದ್ದನ್ನ ನಾನು ತವರಿಗೆ ಹೋದಾಗ್ಲೇ ನೋಡ್ಕೊಂಡು ಬಂದಿರ್ತಿದ್ದೆ" ಅಂದಳು.

"ಮತ್ತೆ ಬಾಯಿ ಬಿಡ್ಲಿಲ್ವಲ್ಲಕ್ಕ?"

"ಅಲ್ಲಿ ಒಂದು ಸಲ ಅತ್ತು ಸಾಕಾಗಿತ್ತು. ನೀನು ಬದುಕಿಸ್ದೆ, ಮತ್ತೆ ನಾನ್ಯಾಕೆ ಸಾಯಿಸ್ಲಿ?"

ಜಂಬಪಡುವುದೋ ನಾಚಿಕೊಳ್ಳುವುದೋ ತಿಳಿಯದೆ ಲೋಟ ತೊಳೆಯಲು ಎದ್ದುಹೋದೆ. ಅಲ್ಲಿದ್ದ ಸವಿತಾಳ ಮೇಲೆ ಸಿಟ್ಟು ತಿರುಗಿಸಿದೆ. "ನಿನ್ನಿಂದಲೇ ಕಣೆ ನಾನು ಸುಳ್ಳಿ ಆಗಿದ್ದು. ಇದ್ದದ್ದನ್ನ ಇದ್ದ ಹಾಗೇ ಓದಿಬಿಟ್ಟೆ!"

ಅವಳು ಕಿಸಕ್ಕನೆ ನಕ್ಕಳು. "ಎಲ್ಲಾ ಇದ್ದ ಹಾಗೆ ಓದ್ಲಿಲ್ಲ ಅಜ್ಜಿ. ಕೊನೇಲಿ ಅವಳು ಹೇಳೋದು 'ಇನ್ಮೇಲೆ ಬರಬೇಡ' ಅಂತ. ತಿಮ್ಮಜ್ಜಿ ಮುಖ ನೋಡಿ ನಂಗೆ ಓದೋಕಾಗ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಜನರ ಎದುರು ನನ್ನನ್ನು ಸುಳ್ಳಿ ಮಾಡಿದ್ದು ಇನ್ನೊಬ್ಬ ಸುಳ್ಳಿ, ಅದೂ ನನ್ನ ಮನೆಯವಳೇ! ಓಡಿಹೋಗಿ ತಿಮ್ಮಕ್ಕನಿಗೆ ನಿಜ ಹೇಳಿಬಿಡೋಣ ಎಂದು ಬಾಗಿಲವರೆಗೆ ಬಂದೆ. ಅವಳು ಎಲೆಯಡಿಕೆ ಮೆಲ್ಲುತ್ತ ಆರಾಮಾಗಿ ಕೂತಿದ್ದಳು.

"ಏನೇ?" ಅಂದಳು.

"ನಾಳೆ ಸುಲಿಯೋಕೆ ಬೇಗ ಬಾ ಅಂತ ಹೇಳೋಕ್ಬಂದೆ" ಅಂದೆ.