ಹಿತ್ತಾಳೆ ಢಾಲಿನ ಪರ್ವ

ಅಮ್ಮಾ ಶಾರದೆ, ವೀಣೆಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಈ ಬಡ ಕಥೆಗಾರನ ನಾಲಗೆಯ ಮೇಲೆ ಬಂದು ಕುಳಿತುಕೋ. ಯಾವ ಕಾಲದಲ್ಲಿ ಕರೆಂಟು ಹೇಳದೆ ಹೋಗಿ ಕೇಳದೆ ಬರುತ್ತಿತ್ತೋ, ಯಾವ ಕಾಲದಲ್ಲಿ ಎರೆಹೊಸೂರು ಪೇಟೆಯ ಗಂಡಸರು ಹಗಲು ವ್ಯಾಪಾರಿಗಳೂ ಇರುಳು ಚಕ್ರವರ್ತಿಗಳೂ ಆಗಿರುತ್ತಿದ್ದರೋ, ಆ ಪುಣ್ಯಕಾಲದಲ್ಲಿ ಆ ಕರಿಮಣ್ಣಿನ ಸೀಮೆಯನ್ನು ಬೆಳಗಿದ ಯಾವನಾಳಚೂರ್ಣಧವಳಿತಶ್ಮಶ್ರುವೂ, ಯಂತ್ರಘರ್ಘರವಿಜಯಿಕಂಠನೂ, ಹಿಟ್ಟಿನ ಗಿರಣಿಯ ಏಕಚ್ಛತ್ರಾಧಿಪತಿಯೂ ಆದ ದುಂಡಪ್ಪ ಉಳ್ಳಾಗಡ್ಡಿಯ ಸಾಹಸವನ್ನು ನಾನೀಗ ಹಾಡಬೇಕಾಗಿದೆ. ಇಷ್ಟುದ್ದದ ಬಿರುದು ಕೇಳಿ ಹುಬ್ಬೇರಿಸಿದವರಿಗೆ ಬಿಡಿಸಿ ಹೇಳುತ್ತೇನೆ: ಮೀಸೆಯ ತುಂಬ ಜೋಳದ ಹಿಟ್ಟು, ಗಿರಣಿಯ ಸದ್ದನ್ನೂ ಮೀರಿಸುವ ಗಂಟಲು. ಸಮಾಧಾನವಾಯಿತೇ? ಹಾಗಾದರೆ ಮುಂದೆ ಕೇಳಿ.

ಮೊದಲು ಢಾಲಿನ ಚರಿತ್ರೆ. ಎರೆಹೊಸೂರು ನಾಟ್ಯಸಂಘದ ಮೂಲಪುರುಷರಾದ ಕಲ್ಲಿನಾಥ ಮಾಸ್ತರರು ವರ್ಷಕ್ಕೊಬ್ಬ ಶ್ರೇಷ್ಠ ನಟನಿಗೆ ಬಹುಮಾನ ಕೊಡಬೇಕೆಂದು ಸಂಕಲ್ಪಿಸಿ, ನಾಟಕದ ಪೆಟ್ಟಿಗೆಯಲ್ಲಿದ್ದ ಕರ್ಣನ ಹಿತ್ತಾಳೆಯ ಢಾಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಅದಕ್ಕೆ ‘ರಂಗಕೇಸರಿ’ ಎಂದು ನಾಮಕರಣ ಮಾಡಿದರು. ಮೊದಲ ವರ್ಷ ಅದು ಅವರಿಗೇ ಬಂತು. ತೀರ್ಪುಗಾರರೂ ಅವರೇ ಆಗಿದ್ದರಿಂದ ತಕರಾರು ಏಳಲಿಲ್ಲ. ಮರುವರ್ಷ ನಟರೆಲ್ಲ ಪರಸ್ಪರ ಮುನಿಸಿಕೊಂಡು ಬರದೇ ಹೋದದ್ದರಿಂದ ಪರದೆ ಎಳೆಯುವವನಿಗೆ ಸಂದಿತು. ಅದರಾಚೆ ವರ್ಷ ಢಾಲೇ ಕಾಣೆಯಾಗಿ, ಊರೆಲ್ಲ ಜಾಲಾಡಿದ ಮೇಲೆ, ಒಂದು ಮದುವೆಮನೆಯಲ್ಲಿ ಸಾರಿನ ಕೊಪ್ಪರಿಗೆಗೆ ಮುಚ್ಚಳವಾಗಿ ಕುಳಿತಿದ್ದುದು ಪತ್ತೆಯಾಯಿತು. ಆ ಸಾರಿನ ವಾಸನೆ ಇವತ್ತಿಗೂ ಹೋಗಿಲ್ಲ. ಗೆದ್ದವರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಾಗ ಅವರಿಗೆ ಮೊದಲು ಆಗುವುದು ಹಸಿವು.

ಮಾಸ್ತರರು ಎರಡು ಕಟ್ಟಳೆ ಮಾಡಿಟ್ಟು ಸ್ವರ್ಗಸ್ಥರಾದರು. ಒಂದು: ಹಿಂದಿನ ವರ್ಷ ಗೆದ್ದವನು ಢಾಲನ್ನು ತಾಟಿನಲ್ಲಿಟ್ಟುಕೊಂಡು ರಂಗದ ಪಕ್ಕದಿಂದ ಬರಬೇಕು, ಮುಖ್ಯ ಅತಿಥಿ ಅದನ್ನೆತ್ತಿ ತಮ್ಮ ಕೈಯಾರೆ ಹೊಸಬನಿಗೆ ಕೊಡಬೇಕು, ಅತಿಥಿಯ ಕೈಯಿಂದ ಕೊಡುವುದು ಆಗದಿದ್ದರೆ ಢಾಲು ಹಳೆಯ ಮನೆಯಲ್ಲೇ ಉಳಿಯುತ್ತದೆ. ಇನ್ನೊಂದು ಕಟ್ಟಳೆ ಕಂಪನಿ ನಾಟಕದವರ ರಕ್ತದಲ್ಲೇ ಇರುವಂಥದು: ಪ್ರೇಕ್ಷಕಪ್ರಭು ‘ವನ್ಸ್ ಮೋರ್’ ಎಂದು ಕೂಗಿದರೆ ಆ ದೃಶ್ಯವನ್ನು ಮೊದಲಿನಿಂದ ಮತ್ತೆ ಮಾಡಲೇಬೇಕು. ಹಾಡಿದವನು ಮತ್ತೆ ಹಾಡಬೇಕು, ಸತ್ತವನು ಎದ್ದು ಧೂಳು ಕೊಡವಿಕೊಂಡು ಮತ್ತೆ ಸಾಯಬೇಕು.

ನಮ್ಮ ದುಂಡಪ್ಪ ಹಾಗೆ ಎಷ್ಟು ಸಲ ಸತ್ತಿದ್ದಾನೋ ಆ ಶಿವನೇ ಬಲ್ಲ. ಅವನು ಯಾವಾಗಲೂ ಕೀಚಕ. ಅವನನ್ನು ಕೊಲ್ಲುವ ಭೀಮ ಯಾವಾಗಲೂ ಸೈಕಲ್ ಅಂಗಡಿಯ ಗುರುಪಾದಪ್ಪ ಮೆಣಸಿನಕಾಯಿ. ದ್ವಿಚಕ್ರಚಿಕಿತ್ಸಕ, ವಾಯುಪೂರಣಪ್ರವೀಣ, ಪರರಂಧ್ರಾನ್ವೇಷಣಪಟು. ಸಾಯುವವನು ಎಷ್ಟೇ ಚೆನ್ನಾಗಿ ಸತ್ತರೂ ಕೊಂದವನಿಗೇ ಢಾಲು. ಮೂರು ವರ್ಷದಿಂದ ಅದು ಗುರುಪಾದಪ್ಪನ ಅಂಗಡಿಯಲ್ಲಿ ಹಳೆಯ ಟ್ಯೂಬುಗಳ ನಡುವೆ ನೇತಾಡುತ್ತಿತ್ತು. ಇತ್ತ ದುಂಡಪ್ಪ ಮದುವೆಯಾದ ಹೊಸತರಲ್ಲೇ ಪಡಸಾಲೆಯ ಗೋಡೆಗೆ ಢಾಲಿಗೆಂದು ಹೊಡೆದ ಮೊಳೆಗೆ ಅವನ ಹೆಂಡತಿ ಸಿದ್ದಲಿಂಗವ್ವ ಹಿಟ್ಟು ಸೋಸುವ ಸಾಣಿಗೆಯನ್ನು ತೂಗುಹಾಕಿದ್ದಳು. ಆಕೆ ಅವನ ಒಂದು ನಾಟಕವನ್ನೂ ನೋಡಿದವಳಲ್ಲ. ಕರೆದಾಗಲೆಲ್ಲ, “ಮನ್ಯಾಗ ದಿನಾ ನೋಡ್ತೀನಲ್ರೀ, ಸಾಲ್ದೇನು?” ಎನ್ನುತ್ತಿದ್ದಳು. ಈ ಮಾತು ಅವನಿಗೆ ಭೀಮನ ಗುದ್ದಿಗಿಂತ ಜೋರಾಗಿ ತಾಗುತ್ತಿತ್ತು.

ಈ ವರ್ಷ ತೀರ್ಪುಗಾರರು ಕೀಚಕನ ಹೆಸರು ಬರೆದರು! ಸುದ್ದಿ ತಂದ ಗಂಡನನ್ನು ಸಿದ್ದಲಿಂಗವ್ವ ಮೇಲಿಂದ ಕೆಳಗೆ ನೋಡಿದಳು.

“ಆತು, ಈ ಸಲ ನಾನೂ ಬರ್ತೀನಿ. ಢಾಲು ತಂದ್ರ ನನ್ನ ಸಾಣಿಗಿ ತಗದು ಮೊಳಿ ಬಿಟ್ಟು ಕೊಡ್ತೀನಿ. ತರದಿದ್ರ ಆ ಮೊಳಿ ಕಾಯಂ ಸಾಣಿಗೀದು. ಮತ್ತ ಅದರ ಮಾತು ಎತ್ತಬ್ಯಾಡ್ರಿ.”

ಹೀಗೆ ಪಣ ನಿಶ್ಚಯವಾಯಿತು. ಭಾನುವಾರ ಮುಂಜಾನೆ, ಬಹುಮಾನದ ಸಮಾರಂಭವಿದ್ದ ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ, ಜರತಾರಿ ರುಮಾಲು ಸುತ್ತಿಕೊಂಡ ದುಂಡಪ್ಪ ತಾಟು ಹಿಡಿದು ನಿಂತಿದ್ದ ಗುರುಪಾದಪ್ಪನೆದುರು ಎದೆ ಸೆಟೆಸಿ ಗರ್ಜಿಸಿದ:

“ಎಲವೆಲವೋ ವಾಯುಪೂರಕ! ಮೂರು ಸಂವತ್ಸರಗಳ ಕಾಲ ಆ ದಿವ್ಯಫಲಕವನ್ನು ರಬ್ಬರಿನ ದುರ್ಗಂಧದಲ್ಲಿ ಸೆರೆಯಿಟ್ಟ ಪಾತಕಿ! ಇಂದು ಮಧ್ಯಾಹ್ನದೊಳಗೆ ಅದು ನನ್ನ ಪಡಸಾಲೆಯ ಮೊಳೆಯನ್ನು ಅಲಂಕರಿಸದಿದ್ದರೆ ಈ ಮೀಸೆಯನ್ನು ಬೋಳಿಸಿ ನಿನ್ನ ಪಾದಕ್ಕೆ ಎಸೆದೇನು!”

“ಭಲೆ ಕೀಚಕಾ, ಭಲೆ! ಆದರೆ ಪ್ರೇಕ್ಷಕಪ್ರಭುವಿನ ಆಜ್ಞೆಯನ್ನು ಮೀರಿಯಾದರೂ ಅದನ್ನು ಒಯ್ಯುವೆಯೋ?”

“ಮೀರುವುದೇ! ಒಂದೇ ರಾತ್ರಿಯಲ್ಲಿ ಮೂರು ಸಲ ಸತ್ತ ದೇಹವಿದು! ಪ್ರಭು ಕೇಳಿದರೆ ಪಡೆದುದೆಲ್ಲವನ್ನೂ ತಿರುಗಿ ಕೊಟ್ಟು, ಮತ್ತೆ ಪಡೆದೇನು!”

“ಅಷ್ಟ ಕೇಳಬೇಕಿತ್ತು ದುಂಡಣ್ಣಾ,” ಎಂದ ಗುರುಪಾದಪ್ಪ, ಹಲ್ಲು ಕಿರಿದು. “ಚಾ ಕುಡೀತಿಯೇನು?”

ಕುಡಿದ. ಅಯ್ಯೋ ಮಂಕೇ, ಚಹಾಕ್ಕೆ ಮುಂಚಿನ ಆ ಪ್ರಶ್ನೆಯ ಹಿಂದಿನ ಕುತಂತ್ರ ನಿನಗೆ ಹೊಳೆಯಬಾರದಿತ್ತೇ!

ಸಭೆ ಕಿಕ್ಕಿರಿದಿತ್ತು. ಹೆಂಗಸರ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಸಿದ್ದಲಿಂಗವ್ವ ಸೆರಗು ಬಿಗಿದು ಕುಳಿತಿದ್ದಳು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳಾದ ಸಾಹೇಬರು, ಅದೇ ದಿನ ಇನ್ನೊಂದು ಊರಿನಲ್ಲಿ ಒಂದು ಉದ್ಘಾಟನೆಯೂ ಊಟವೂ ಇದ್ದದ್ದರಿಂದ, ಗಳಿಗೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಹೆಸರು ಕೂಗಿದರು. ದುಂಡಪ್ಪ ಭೂಮಿ ನಡುಗುವಂತೆ ನಡೆದು ಬಂದ. ಗುರುಪಾದಪ್ಪ ತಾಟು ತಂದ, ಸಾಹೇಬರು ಢಾಲನ್ನೆತ್ತಿ ಕೊಟ್ಟರು, ದುಂಡಪ್ಪ ಅದನ್ನು ಕಣ್ಣಿಗೊತ್ತಿಕೊಂಡ, ಅವನಿಗೆ ಹಸಿವಾಯಿತು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿದ್ದ ಸೈಕಲ್ ಅಂಗಡಿಯ ಸೈನ್ಯ ಒಂದೇ ದನಿಯಲ್ಲಿ ಬೊಬ್ಬಿರಿಯಿತು:

“ವನ್ಸ್ ಮೋರ್!”

ದುಂಡಪ್ಪ ಢಾಲನ್ನು ಎದೆಗವಚಿಕೊಂಡ. ಬಹುಮಾನಕ್ಕೆ ವನ್ಸ್ ಮೋರ್ ಬಿದ್ದದ್ದನ್ನು ಸಂಘದ ಚರಿತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಕಟ್ಟಳೆಯೆಂದರೆ ಕಟ್ಟಳೆ. ಅವನು ಢಾಲನ್ನು ಸಾಹೇಬರಿಗೆ ಒಪ್ಪಿಸಿದ, ಸಾಹೇಬರ ಕೈಯಿಂದ ಗುರುಪಾದಪ್ಪ ತಾಟಿಗಿಳಿಸಿಕೊಂಡು ಪಕ್ಕಕ್ಕೆ ಸರಿದ, ದುಂಡಪ್ಪ ಕೆಳಗಿಳಿದು ತನ್ನ ಕುರ್ಚಿಯಲ್ಲಿ ಕುಳಿತ. ಮತ್ತೆ ಹೆಸರು, ಮತ್ತೆ ನಡಿಗೆ, ಮತ್ತೆ ತಾಟು, ಮತ್ತೆ ಹಸಿವು. ಮತ್ತೆ “ವನ್ಸ್ ಮೋರ್!”

ಕೆಲವು ಸುತ್ತು ಕಳೆಯುವಷ್ಟರಲ್ಲಿ ಸಾಹೇಬರ ತಾಳ್ಮೆ ಕೆಟ್ಟಿತು.

“ಏನ್ರೀ ಇದು? ಕೊಟ್ಟದ್ದನ್ನ ವಾಪಸ್ ಕೊಡಾಕತ್ತೀರಲ್ಲ! ಬ್ಯಾಡೇನು ನಿಮಗ?”

“ಬೇಕ್ರೀ ಸಾಹೇಬ್ರ, ಭಾಳ ಬೇಕ್ರೀ,” ಎಂದ ದುಂಡಪ್ಪ, ಬೆವರು ಒರೆಸಿಕೊಳ್ಳುತ್ತ. “ಆದ್ರ ಜನ ಕೇಳಾಕತ್ತಾರ.”

ಆಗ ತಾಟಿನ ಹಿಂದೆ ಗುರುಪಾದಪ್ಪ ಮುಸಿಮುಸಿ ನಗುವುದು ಅವನ ಕಣ್ಣಿಗೆ ಬಿತ್ತು. ಸಾಹೇಬರು ಬೇಸತ್ತು ಎದ್ದುಹೋದರೆ ಢಾಲು ಸೈಕಲ್ ಅಂಗಡಿಗೇ! ವಂಚನೆ ತಿಳಿದೊಡನೆ ಕೀಚಕನ ರಕ್ತ ಕೊತಕೊತನೆ ಕುದಿಯಿತು. ಕೂಗುವವರ ಗಂಟಲೋ, ಸಾಯುವವನ ಎದೆಯೋ, ಯಾವುದು ಗಟ್ಟಿ ನೋಡಿಯೇ ಬಿಡೋಣವೆಂದು ಅವನು ಮೀಸೆ ಹುರಿಮಾಡಿದ. ಏರಿದ, ಇಳಿದ, ಏರಿದ. ಕೊನೆಗೆ ಸೈಕಲ್ ಸೈನ್ಯದ ಕಂಠಗಳೇ ಸೋತವು. ಹಿಂದಿನ ಬೆಂಚಿನಿಂದ ಪಂಕ್ಚರಾದ ಟ್ಯೂಬಿನಂಥ ಸುಯ್ಯೆನ್ನುವ ಸದ್ದಷ್ಟೇ ಬಂತು. ವೇದಿಕೆಗೆ ಕೇಳಿಸದ ವನ್ಸ್ ಮೋರ್ ಲೆಕ್ಕಕ್ಕಿಲ್ಲ. ಗುರುಪಾದಪ್ಪನ ಮುಖ ಇಂಗು ತಿಂದ ಮಂಗನ ಮುಖವಾಯಿತು.

ಗೆದ್ದ! ನಮ್ಮ ದುಂಡಪ್ಪ ಗೆದ್ದ! ಢಾಲನ್ನು ತಲೆಯ ಮೇಲೆತ್ತಿ ಹಿಡಿದ. ಹಿತ್ತಾಳೆಯ ಬೆಳಕು ಅವನ ಹಿಟ್ಟಿನ ಮೀಸೆಯ ಮೇಲೆ ಬಿತ್ತು, ಕಣ್ಣು ತುಂಬಿ ಬಂತು. ಹಾಗೆಯೇ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲು ಕೆಳಗಿಳಿದರೆ ಮುಗಿಯಿತು, ಮೊಳೆ ಅವನದು.

“ವನ್ಸ್ ಮೋರ್!”

ಹೆಂಗಸರ ಸಾಲಿನಿಂದ ಒಂದೇ ಒಂದು ದನಿ, ಗಂಟೆ ಬಾರಿಸಿದಷ್ಟು ಸ್ಪಷ್ಟ. ಸಿದ್ದಲಿಂಗವ್ವ ಎದ್ದು ನಿಂತಿದ್ದಳು. ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು.

ಸಭೆಯೆಲ್ಲ ಹೆಂಗಸರ ಸಾಲಿನತ್ತ ತಿರುಗಿತು. ಕೇಳಿಸಲೇ ಇಲ್ಲವೆಂಬಂತೆ ಅವನು ಇಳಿದುಬಿಡಬಹುದಿತ್ತು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಬೇಡ ದುಂಡಪ್ಪಾ, ಇಳಿ, ಎಂದು ನಾನೇ ಕೂಗಬೇಕೆನ್ನಿಸುತ್ತದೆ. ಆದರೆ ಇಷ್ಟು ವರ್ಷ ಊರೆಲ್ಲ ಕೂಗಿದಾಗ ಸತ್ತವನು, ಆ ಒಬ್ಬಾಕೆ ಕೂಗಿದಾಗ ಕಿವುಡನಾಗುವುದು ಹೇಗೆ? ಅವನು ಮೆಟ್ಟಿಲ ಮೇಲಿನ ಕಾಲನ್ನು ಹಿಂದಕ್ಕೆ ತೆಗೆದ. ಹೆಂಡತಿಯತ್ತ ತಿರುಗಿ ತಲೆಬಾಗಿ, ಢಾಲನ್ನು ಸಾಹೇಬರಿಗೆ ಒಪ್ಪಿಸಿ, ಕುರ್ಚಿಯತ್ತ ನಡೆದ.

“ಸಾಕಪಾ ಸಾಕು! ನಿಮ್ಮೂರ ಸಹವಾಸ ಸಾಕು!” ಸಾಹೇಬರು ಢಾಲನ್ನು ಗುರುಪಾದಪ್ಪನ ತಾಟಿಗೆ ಎಸೆದು, ಹಾರದ ಸಮೇತ ದಡದಡನೆ ಇಳಿದು ಜೀಪು ಹತ್ತಿದರು. ಪಕ್ಕದಿಂದ ತಾಟು ಮತ್ತೆ ರಂಗಕ್ಕೆ ಬರುವಷ್ಟರಲ್ಲಿ ಅತಿಥಿಯ ಕುರ್ಚಿ ಖಾಲಿ, ಬಾಗಿಲಲ್ಲಿ ಧೂಳು. ಕಟ್ಟಳೆಯ ಪ್ರಕಾರ ರಂಗಕೇಸರಿ ಸೈಕಲ್ಲಿನ ಹ್ಯಾಂಡಲ್ಲಿಗೆ ಜೋತುಬಿದ್ದು ಟಿಣ್ ಟಿಣ್ ಎನ್ನುತ್ತ ಟ್ಯೂಬುಗಳ ನಡುವಿನ ತನ್ನ ಹಳೆಯ ಸೆರೆಮನೆಗೆ ಹೊರಟುಹೋಯಿತು. ಗೆದ್ದ ಗಡಿಬಿಡಿಯಲ್ಲಿ ಗುರುಪಾದಪ್ಪನಿಗೆ ಮೀಸೆಯ ಶಪಥ ನೆನಪಾಗಲಿಲ್ಲ, ನಮ್ಮ ವೀರ ನೆನಪಿಸಲೂ ಇಲ್ಲ.

ಪರಾಜಿತ ವೀರ ಮನೆಗೆ ಬಂದಾಗ ಮೊಳೆ ಬರಿದಾಗಿತ್ತು. ಸಂಘದ ಕಟ್ಟಳೆ ಗೊತ್ತಿಲ್ಲದೆ, ಸಾಹೇಬರು ಹೋದರೂ ಢಾಲು ಗಂಡನದೇ ಎಂದು ನಂಬಿ ಮುಂಚಿತವಾಗಿ ಮನೆಗೆ ಬಂದ ಸಿದ್ದಲಿಂಗವ್ವ ಸಾಣಿಗೆ ತೆಗೆದು, ಗೋಡೆಯನ್ನೂ ಒರೆಸಿ, ಕಾಯುತ್ತಿದ್ದಳು.

“ಎಲ್ಲೈತ್ರೀ?”

ಅವನು ಕಟ್ಟಳೆಯನ್ನೂ ನಡೆದದ್ದನ್ನೂ ಬಿಡಿಸಿ ಹೇಳಿದ. ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯ ನಮ್ಮವ್ವ! ನಾ ಅಂದಿದ್ದಕ್ಕ ಹೋತೇನು? ಎಲ್ಲಾರೂ ಅನ್ನಾಕತ್ತಿದ್ರು, ಚಂದ ಕಂಡ್ರ ಹಂಗ ಅನ್ನಬೇಕೇನೋ ಅಂತ ತಿಳದೆ.”

“ಚಂದ ಕಂಡ್ನೇನು?”

“ಮತ್ತ! ಅದನ್ನ ಎತ್ತಿ ಹಿಡದು ನಿಂತಾಗ ಖರೇನ ರಾಜಾ ಕಂಡಂಗ ಕಂಡ್ರಿ. ನಾನಽ ಪೂರ್ತಿ ನೋಡ್ಲಿಲ್ಲ, ಮುಂದಿನಾಕಿ ತುರುಬು ಅಡ್ಡ ಬಂತು. ಅದಕ್ಕ ಇನ್ನೊಮ್ಮೆ ಅಂದೆ.”

ದುಂಡಪ್ಪ ಮೀಸೆ ಹುರಿಮಾಡಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದ. ಸಿದ್ದಲಿಂಗವ್ವ ಸಾಣಿಗೆಯನ್ನು ಮೊಳೆಗೆ ಹಾಕಲು ಹೋದವಳು ನಿಂತು, ಹಿಂದೆ ಮುಂದೆ ನೋಡಿ, ಅದನ್ನು ಅವನ ಕೈಗೆ ಕೊಟ್ಟಳು.

“ಒಮ್ಮೆ ಹಿಡದು ನಿಂದರ್ರಿ ನೋಡೂಣು.”

ಅವನು ರುಮಾಲು ಸರಿಮಾಡಿಕೊಂಡು, ಎದೆ ಸೆಟೆಸಿ, ಸಾಣಿಗೆಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿದ. ಅದರಲ್ಲಿ ಉಳಿದಿದ್ದ ಹಿಟ್ಟು ರುಮಾಲಿನ ಮೇಲೂ ಮೀಸೆಯ ಮೇಲೂ ಸುರಿಯಿತು. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಈ ಸಲ ಯಾರ ತುರುಬೂ ಅಡ್ಡವಿಲ್ಲದೆ, ಕಣ್ತುಂಬ ನೋಡಿದಳು.

“ಸಾಕ್ರೀ, ಇಳಸ್ರಿ,” ಎಂದಳು. “ಹಂಗಽ ಡಬ್ಬಿ ತಗೊಂಡು ಗಿರಣಿಗೆ ಹೋಗಿಬರ್ರಿ. ರೊಟ್ಟಿಗೆ ಹಿಟ್ಟಿಲ್ಲ.”