ಐದು ನಿಮಿಷದ ಊಟಕ್ಕೊಂದು ಇಂಗ್ಲಿಷ್ ಕ್ರಿಯಾಪದ

ಸಿದ್ಧ ಉಡುಪು ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳ ಸನ್ನಿಧಾನಕ್ಕೆ, ತಮ್ಮಲ್ಲಿ ಮೂರನೇ ಸಾಲಿನ ಕೊನೆಯ ಯಂತ್ರದಲ್ಲಿ ಅಂಗಿಯ ಕಾಲರು ಹೊಲಿಯುವ ಹುಡುಗಿಯ ಸೋದರಮಾವ, ತಲೆ ಬಾಗಿಸಿ ಆದರೆ ಕಣ್ಣು ತಗ್ಗಿಸದೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ನನ್ನ ಅಕ್ಕನ ಮಗಳಿಗೆ ದಯಪಾಲಿಸಿದ ಇಂಗ್ಲಿಷ್ ಮೆಮೊ ತಲುಪಿತು. ‘ಮಾವ, ನನ್ನ ಕಾಯಂ ಮಾಡೋದನ್ನ ಆರು ತಿಂಗಳು ಮುಂದಕ್ಕೆ ಹಾಕಿದಾರಂತೆ, ಯಾಕೆ ಅಂತ ಓದಿ ಹೇಳು’ ಎಂದು ಅವಳು ಕಾಗದ ಚಾಚಿದಳು. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯ ತನಕ ಇಂಗ್ಲಿಷಿನಲ್ಲಿ ನನ್ನನ್ನು ಮೀರಿಸಿದವರು ಮೇಷ್ಟ್ರೊಬ್ಬರೇ, ಅದೂ ಮೊದಲೆರಡು ವರ್ಷ. ಅಂಥ ನಾನೇ ತಮ್ಮ ‘ಗಾಬಲ್’ ಎಂಬ ಕ್ರಿಯಾಪದದ ಮುಂದೆ ಮುಗ್ಗರಿಸಿದೆ. ಮುಗ್ಗರಿಸಿದ್ದನ್ನು ಮನೆಯವರೆದುರು ಒಪ್ಪಿಕೊಳ್ಳುವ ದುರಭ್ಯಾಸ ನನಗಿಲ್ಲವಾದ್ದರಿಂದ, ಕನ್ನಡಕ ಸರಿಯಿಲ್ಲವೆಂದು ಹೇಳಿ ನೇರ ಗ್ರಂಥಾಲಯಕ್ಕೆ ಹೋಗಿ, ದಿಂಬಿನಷ್ಟು ದಪ್ಪದ ನಿಘಂಟನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತೆ.

ಆತುರಾತುರವಾಗಿ, ಸದ್ದು ಮಾಡುತ್ತ, ಹೊಟ್ಟೆಬಾಕನಂತೆ ತಿನ್ನುವುದು ಎಂದು ಅರ್ಥ ಬರೆದಿತ್ತು. ನಮ್ಮ ‘ಗಬಗಬ’ನೆ ತಿನ್ನುವುದೇ ಕೋಟು ತೊಟ್ಟು ಬಂದಂತಿದೆ. ಬಳಕೆಯನ್ನೂ ಬಿಡದೆ ಓದಿದೆ. ಮಕ್ಕಳು ಕೇಕು ತಿಂದರೂ, ನಾಯಿ ತಟ್ಟೆ ಬಳಿದರೂ, ದೊಡ್ಡ ಕಂಪನಿ ಸಣ್ಣ ಕಂಪನಿಯನ್ನು ಇಡಿಯಾಗಿ ನುಂಗಿದರೂ ಇದೇ ಕ್ರಿಯಾಪದವಂತೆ. ಆ ಕೊನೆಯವರಿಗೆ ಮೆಮೊ ಕೊಟ್ಟವರಾರೆಂದು ಮಾತ್ರ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸರಕು ಕೊಳ್ಳುವ ದೊರೆಗಳು ಊಟದ ಕೋಣೆಗೆ ಬಂದಿದ್ದಾಗ ನಮ್ಮ ಹುಡುಗಿ ಹಾಗೆ ತಿಂದು ಕಾರ್ಖಾನೆಯ ಮಾನ ಕಳೆದಳೆಂದು ತಮ್ಮ ದೂರು. ಇಲ್ಲಿ ತಮ್ಮ ಆಡಳಿತದ ಜಾಣ್ಮೆಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಯಾವತ್ತೋ ಒಂದು ಕತ್ತರಿ ಕಳೆದುಹೋಯಿತೆಂದು, ಊಟದ ಗಂಟೆ ಹೊಡೆದೊಡನೆ ಸಾಲಿನ ನಲವತ್ತು ಮಂದಿಯೂ ತಂತಮ್ಮ ಕತ್ತರಿಯನ್ನು ಒಂದೇ ಕಿಟಕಿಯಲ್ಲಿ, ಒಬ್ಬನೇ ಗುಮಾಸ್ತನಿಗೆ ಒಪ್ಪಿಸಿ, ನಂಬರು ಬರೆಸಿ, ಉಂಡು ಬಂದು ಅದೇ ಕಿಟಕಿಯಲ್ಲಿ ಮರಳಿ ಪಡೆಯಬೇಕೆಂಬ ಏರ್ಪಾಡು ಮಾಡಿದ್ದೀರಿ. ಹೊಸಬರು ಕೊನೆಗೆ ನಿಲ್ಲುವುದು ಅಲ್ಲಿನ ರಿವಾಜು. ಅರ್ಧ ಗಂಟೆಯ ಬಿಡುವಿನಲ್ಲಿ ಒಪ್ಪಿಸಲು ಹದಿಮೂರು ನಿಮಿಷ, ಪಡೆಯಲು ಹನ್ನೆರಡು. ಉಳಿದ ಐದರಲ್ಲಿ ಕೈ ತೊಳೆದು, ಡಬ್ಬಿ ಬಿಚ್ಚಿ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಂತೆ ಮೆಲ್ಲಮೆಲ್ಲನೆ ಉಣ್ಣಬೇಕು. ಕತ್ತರಿಗಳೋ, ಆ ಅರ್ಧ ಗಂಟೆ ಬೀರುವಿನಲ್ಲಿ ಕಾಲು ಚಾಚಿ ವಿಶ್ರಮಿಸುತ್ತವೆ.

ಆದ್ದರಿಂದ ಒಂದೆರಡು ಅರಿಕೆ. ಹಸುವಿಗಿರುವಂಥ ಇನ್ನೊಂದು ಹೊಟ್ಟೆಯನ್ನು ಕಾರ್ಖಾನೆಯ ವತಿಯಿಂದಲೇ ಆ ಹುಡುಗಿಗೆ ಮಂಜೂರು ಮಾಡಿಸಿಕೊಡಿ, ಐದು ನಿಮಿಷದಲ್ಲಿ ನುಂಗಿದ್ದನ್ನು ಆಮೇಲೆ ಕಾಲರು ಹೊಲಿಯುತ್ತ ಮೆಲುಕು ಹಾಕಲಿ. ಅದಾಗದಿದ್ದರೆ ತಾವೇ ಒಂದು ದಿನ ಕೈಯಲ್ಲಿ ಕತ್ತರಿ ಹಿಡಿದು ಆ ಸಾಲಿನ ನಲವತ್ತೊಂದನೆಯವರಾಗಿ ನಿಂತು, ಆಮೇಲೆ ಸಭ್ಯವಾಗಿ ಉಣ್ಣುವುದು ಹೇಗೆಂದು ತೋರಿಸಿಕೊಡಿ. ಎರಡೂ ತಮ್ಮ ಘನತೆಗೆ ಕುಂದೆನಿಸಿದರೆ ಮೆಮೊ ಹರಿದುಹಾಕಿ, ಬರುವ ಒಂದನೇ ತಾರೀಖಿಗೆ ಅವಳನ್ನು ಕಾಯಂ ಮಾಡಿ. ಮೂರರಲ್ಲಿ ಇದೇ ಸುಲಭ, ಹಾಗಾಗಿಯೇ ತಮಗೆ ತೋಚಿರಲಾರದು.

ಇಂತಿ, ತಮ್ಮನ್ನು ಹೊಗಳಿ ಹೊಗಳಿ ಬಾಯಿ ಒಣಗಿಸಿಕೊಂಡ
ತಮ್ಮ ವಿಶ್ವಾಸಿ,
ಹುಡುಗಿಯ ಸೋದರಮಾವ

ಮರೆತ ಮಾತು: ತಮ್ಮ ಮೆಮೊವನ್ನು ನಾನು ಕನ್ನಡಕ್ಕಿಳಿಸಿ ಕೊಟ್ಟಿದ್ದೇನೆ, ಆ ಸಾಲಿನವರೆಲ್ಲ ಓದಿದ್ದಾರೆ. ಸೋಮವಾರದಿಂದ ನಲವತ್ತು ಮಂದಿಯೂ ತಮ್ಮ ಅಪ್ಪಣೆಯನ್ನು ತಲೆಯ ಮೇಲಿಟ್ಟುಕೊಂಡು, ತುತ್ತಿಗೆ ಮೂವತ್ತೆರಡು ಸಲ ಅಗಿದು ಉಣ್ಣುತ್ತಾರೆ. ಗಂಟೆ ಹೊಡೆದರೂ ಆತುರಪಡುವುದಿಲ್ಲ, ಕಾರ್ಖಾನೆಯ ಮಾನದ ಪ್ರಶ್ನೆ ನೋಡಿ. ಸರಕಿಗೆ ಬಂದ ಲಾರಿಗಳನ್ನು ಸ್ವಲ್ಪ ನೆರಳಲ್ಲಿ ನಿಲ್ಲಿಸಲು ಹೇಳಿ.